ಬೀಳಲು ಕಲಿಯದ ಗಾಲಿ

ಬೆಳಗಿನ ಎಂಟೂವರೆಗೆ ಗದಗಿನ ಸ್ಟೇಶನ್ ರೋಡಿನ ಮಗ್ಗುಲಿಗೆ ನಿಂತು ನೋಡಬೇಕಿತ್ತು ನೀವು. ರಸ್ತೆ ತುಂಬ ಗಾಲಿ. ಒಬ್ಬೊಬ್ಬರಿಗೆ ಒಂದೊಂದೇ ಗಾಲಿ; ಅದರ ನೆತ್ತಿಯ ಮೇಲೊಂದು ಮೆತ್ತನೆಯ ಸೀಟು, ಕಾಲಿಡಲು ಎರಡು ಹಲಗೆ, ಅಷ್ಟೇ. ಹಿಡಿಕೆಯಿಲ್ಲ, ಪೆಡಲಿಲ್ಲ, ಬ್ರೇಕಿಲ್ಲ. ಬ್ಯಾಂಕಿನ ಗುಮಾಸ್ತ ಗಿರ್ಮಿಟ್ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತ ಹೋಗುತ್ತಿದ್ದ. ಕಾಲೇಜಿನ ಹುಡುಗಿ ಜಡೆ ಹೆಣೆದುಕೊಳ್ಳುತ್ತಿದ್ದಳು. ತತ್ತಿ ವ್ಯಾಪಾರಿಯೊಬ್ಬ ಹತ್ತು ಟ್ರೇ ತತ್ತಿಯನ್ನು ತೊಡೆಯ ಮೇಲೆ ಪೇರಿಸಿಕೊಂಡು ಆಕಳಿಸುತ್ತಿದ್ದ. ಆಕಳಿಸುತ್ತಿದ್ದ ರೀ! ಒಂದು ತತ್ತಿಯೂ ಒಡೆಯಲಿಲ್ಲ.

ಇದು 2062ನೇ ಇಸವಿಯ ಮಾತು. ಒಂಟಿಗಾಲಿ ಬಂದು ಹನ್ನೊಂದು ವರ್ಷವಾಗಿತ್ತು. ಹನ್ನೊಂದು ವರ್ಷದಲ್ಲಿ ಅದರ ಮೇಲಿಂದ ಒಬ್ಬರೇ ಒಬ್ಬರು ಬಿದ್ದಿರಲಿಲ್ಲ. ಊರೆಲ್ಲ ಇದನ್ನು ಎದೆಯುಬ್ಬಿಸಿ ಹೇಳುತ್ತಿತ್ತು. ಫಕೀರವ್ವನಿಗೆ ಮಾತ್ರ ಅನುಮಾನ ಹುಟ್ಟಿದ್ದೇ ಈ ಮಾತಿನಿಂದ. ಯಾರೂ ಬೀಳುವುದೇ ಇಲ್ಲ ಅಂದರೆ ಏನೋ ಮೋಸ ಇರಲೇಬೇಕು ಅಂತ ಅವಳ ಲೆಕ್ಕ.

ಫಕೀರವ್ವ ಯಾರು ಅಂದರೆ, ಅರವತ್ತಾರು ವರ್ಷದ ಗಟ್ಟಿ ಮುದುಕಿ. ಇಪ್ಪತ್ತಾರು ವರ್ಷ ಸರ್ಕಸ್ಸಿನಲ್ಲಿ ಒಂದು ಗಾಲಿಯ ಸೈಕಲ್ ಹೊಡೆದವಳು. ತಲೆಯ ಮೇಲೆ ಏಳು ಚರಿಗೆ ಹೊತ್ತು ತಂತಿಯ ಮೇಲೆ ಹೋಗಿ ಬಂದವಳು. ಸರ್ಕಸ್ ಮುಚ್ಚಿದ ಮೇಲೆ ಗದಗಿಗೆ ಬಂದು, ಗಂಡ ತೀರಿಕೊಂಡ ಮೇಲೂ ಅಲ್ಲೇ ಉಳಿದು, ಮಗಳು ಕಸ್ತೂರಿಯನ್ನು ಓದಿಸಿದ್ದಳು. ಓಣಿಯವರು ಅವಳ ಅನುಮಾನ ಕೇಳಿ ನಗುತ್ತಿದ್ದರು. “ನಿನ್ನ ಆಟಾ ಈಗ ಎಲ್ಲಾರಿಗೂ ಬರ್ತೈತಲ್ಲ ಆಯಿ, ಅದಕ್ಕ ಹೊಟ್ಟಿಕಿಚ್ಚು” ಎಂದು ಕಾಡುತ್ತಿದ್ದರು. ಅವಳು “ಹೌದಪಾ, ಹೊಟ್ಟಿಕಿಚ್ಚ” ಎಂದು ಎಲೆ ಅಡಿಕೆ ಉಗಿಯುತ್ತಿದ್ದಳು. ಸ್ವಲ್ಪ ಹೊಟ್ಟೆಕಿಚ್ಚು ಇದ್ದದ್ದೂ ಸುಳ್ಳಲ್ಲ.

ಒಂದು ಗಾಲಿಯ ಸೈಕಲ್ಲನ್ನು ಇಂಥವರೇ ಕಂಡುಹಿಡಿದರು ಅಂತ ಎದೆ ತಟ್ಟಿ ಹೇಳುವವರು ಯಾರೂ ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಒಂದು ವಿಚಿತ್ರ ಸೈಕಲ್ ಇತ್ತು. ಮುಂದೆ ಆಳೆತ್ತರದ ಗಾಲಿ, ಹಿಂದೆ ಕೈಯಗಲದ ಗಾಲಿ. ಪೆಡಲು ನೇರವಾಗಿ ಮುಂದಿನ ಗಾಲಿಗೇ ಜೋಡಿಸಿರುತ್ತಿತ್ತು. ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಗಾಲಿ ಮೇಲೆದ್ದು, ಸವಾರ ಒಂದು ಕ್ಷಣ ಒಂದೇ ಗಾಲಿಯ ಮೇಲೆ ಉಳಿಯುತ್ತಿದ್ದ. ಹೆಚ್ಚಿನವರು ಮುಂದಕ್ಕೆ ಮುಗ್ಗರಿಸಿ ಹಲ್ಲು ಮುರಿದುಕೊಂಡರು. ಯಾರೋ ಒಬ್ಬ ತಲೆಹರಟೆ ಮಾತ್ರ “ಅರೆ, ಹಿಂದಿಂದು ಯಾಕೆ ಬೇಕು?” ಅಂದಿರಬೇಕು. ಹಾಗೆ ಅದು ಹುಟ್ಟಿತು ಅಂತ ಬಲ್ಲವರ ಊಹೆ. ಮೊದಲು ಹಿಂದಿನ ಗಾಲಿ ತೆಗೆದರು, ಆಮೇಲೆ ಹಿಡಿಕೆ ತೆಗೆದರು. ಸರ್ಕಸ್ಸಿನವರು ಅದನ್ನು ಎತ್ತರಿಸಿ ಚೈನು ಹಾಕಿ ಜಿರಾಫೆ ಮಾಡಿದರು. ಕೆಲವರು ಸೀಟನ್ನೂ ಕಿತ್ತೊಗೆದು ಬರೀ ಗಾಲಿ ತುಳಿದರು. ಇನ್ನು ಕೆಲವರು ಅದನ್ನು ಗುಡ್ಡ ಹತ್ತಿಸಿದರು. ಇಪ್ಪತ್ತೊಂದನೇ ಶತಮಾನದ ಮೊದಲಿಗೆ ಬ್ಯಾಟರಿ ಬಂದು ಪೆಡಲೂ ಹೋಯಿತು. ಒಂದೊಂದು ಕಾಲದವರು ಒಂದೊಂದನ್ನು ತೆಗೆಯುತ್ತ ಬಂದರು. ಕಡೆಗೆ ಬಂದ ಡಾಕ್ಟರ್ ವಾದಿರಾಜ ಹೊಂಬಳ ಬೀಳುವುದನ್ನೇ ತೆಗೆದುಬಿಟ್ಟರು.

ವಾದಿರಾಜ ಹೊಂಬಳ ಗದಗಿನವರೇ. ಮುಳಗುಂದ ನಾಕಾದ ಹತ್ತಿರ ಅವರ ಪ್ರಯೋಗಶಾಲೆ. ಅವರ ಗಾಲಿಯ ಹೊಟ್ಟೆಯಲ್ಲಿ ಭಾರದ ಬುಗುರಿಯೊಂದು ಸದಾ ತಿರುಗುತ್ತಿರುತ್ತದೆ. ತಿರುಗುವ ಬುಗುರಿ ಬೀಳುವುದಿಲ್ಲ ಅನ್ನುವುದು ಮಕ್ಕಳಿಗೂ ಗೊತ್ತು. ಸೀಟಿನ ಕೆಳಗೆ ಕಡಲೆಕಾಳಿನಷ್ಟು ಸಂವೇದಕಗಳಿವೆ. ನೀವು ಎತ್ತ ವಾಲುತ್ತೀರಿ ಅಂತ ಅವು ಸೆಕೆಂಡಿಗೆ ನಾಲ್ಕು ಸಾವಿರ ಸಲ ಅಳೆಯುತ್ತವೆ. ನೀವು ಕೂದಲೆಳೆಯಷ್ಟು ವಾಲುವ ಮುಂಚೆಯೇ ಗಾಲಿ ಸರಿದು ನಿಮ್ಮ ಕೆಳಗೆ ಬಂದಿರುತ್ತದೆ. ಇಳಿದು ಹೋದರೂ ಅದು ತನ್ನಷ್ಟಕ್ಕೆ ನೆಟ್ಟಗೆ ನಿಂತಿರುತ್ತದೆ. ಮನೆಯೊಳಗೆ ಅಡಿಗೆಕೋಣೆಯಿಂದ ಪಡಸಾಲೆಗೆ ಹೋಗಲು ಚಿಕ್ಕ ಗಾಲಿ ಬೇರೆ ಬಂದಿತ್ತು. ಜನ ಹಾಸಿಗೆಯಿಂದ ಇಳಿದರೆ ಗಾಲಿ, ಗಾಲಿಯಿಂದ ಇಳಿದರೆ ಹಾಸಿಗೆ.

ಈ ಗಾಲಿಗೆ ಚಲನೆ ಕಲಿಸಿದ್ದು ಯಾರು ಗೊತ್ತೇನು? ಇದೇ ಫಕೀರವ್ವ. ಹದಿಮೂರು ವರ್ಷದ ಹಿಂದೆ ವಾದಿರಾಜರು ಅವಳನ್ನು ಕರೆಸಿ, ಮೈತುಂಬ ತಂತಿ ಅಂಟಿಸಿ, ಮೂರು ತಿಂಗಳು ಅವಳ ಹಳೆಯ ಸೈಕಲ್ ಹೊಡೆಸಿ, ಅವಳು ವಾಲುವುದು ತೂಗುವುದನ್ನೆಲ್ಲ ದಾಖಲಿಸಿಕೊಂಡಿದ್ದರು. ಹಾಗಾಗಿ ಊರಿನ ಒಂದೊಂದು ಗಾಲಿಯೊಳಗೂ ಅವಳ ಸೊಂಟದ ಚೂರು ಇತ್ತು. ಅದು ಅವಳಿಗೆ ಹೆಮ್ಮೆಯೂ ಹೌದು, ಕಿರಿಕಿರಿಯೂ ಹೌದು.

ಅನುಮಾನ ಬಲಿತದ್ದು ದಾವಲಸಾಬನಿಂದ. ಕಸ್ತೂರಿ ಕಪ್ಪತಗುಡ್ಡದ ಸಾಲಿನ, ಕರೆಂಟು ಮಾಡುವ ಗಾಳಿಕಂಬಗಳನ್ನು ರಿಪೇರಿ ಮಾಡುವ ತಂತ್ರಜ್ಞೆ. ದಾವಲಸಾಬ ಅವಳ ಜತೆಗಾರ. ಹೋದ ತಿಂಗಳು ಹದಿನಾರನೇ ಕಂಬದ ನೆತ್ತಿಯ ಮೇಲೆ ಅವನು ಜಾರಿದ. ಸೊಂಟದ ಹಗ್ಗ ಜೀವ ಉಳಿಸಿತು. ಆದರೆ ಜೋಲಿ ಹೊಡೆದು ಕಂಬಕ್ಕೆ ಬಡಿದು ಬೆನ್ನುಹುರಿಗೆ ಪೆಟ್ಟಾಯಿತು, ಕಾಲು ಬರಲಿಲ್ಲ. ಕುಡಿದಿದ್ದ ಅಂತ ಸುದ್ದಿ ಹಬ್ಬಿಸಿದರು. ಹುಟ್ಟಿದಾಗಿನಿಂದ ಒಂದು ಗುಟುಕು ಮುಟ್ಟಿದವನಲ್ಲ ಅವನು! ಫಕೀರವ್ವ ಆಸ್ಪತ್ರೆಗೆ ಹೋದಾಗ ಅವನು ಹೇಳಿದ್ದು ಒಂದೇ ಮಾತು: “ಆಯಿ, ಸೂರ್ಯಾ ಎದುರಿಗಿದ್ದ, ಒಂದ ಗಳಿಗಿ ಕಣ್ಣ ಮುಚ್ಚಿದೆ. ಮುಚ್ಚಿದ್ದಷ್ಟ ನೆನಪೈತಿ. ಮ್ಯಾಲ ಯಾವದು ಕೆಳಗ ಯಾವದು ತಿಳೀಲಿಲ್ಲ.”

ಅವಳು ಮನೆಗೆ ನಡೆದೇ ಬಂದಳು. ದಾರಿಯಲ್ಲೆಲ್ಲ ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಸರ್ಕಸ್ಸಿನಲ್ಲಿ ಅವಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ತಂತಿಯ ಮೇಲೆ ಹೋಗುತ್ತಿದ್ದಳು. ಕಣ್ಣು ಮುಚ್ಚಿದರೆ ಮೇಲೆ ಕೆಳಗೆ ತಿಳಿಯದ ಮನುಷ್ಯನನ್ನು ಅವಳು ಕಂಡೇ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಊಟ ಮಾಡುತ್ತ ಕಸ್ತೂರಿ ತಣ್ಣಗೆ ಹೇಳಿದಳು: “ನಾಳೆ ಹದಿನೇಳನೇ ಕಂಬ ನಂದು. ಲಿಫ್ಟ್ ಕೆಟ್ಟೈತಿ. ಏಣಿ ಹತ್ತಿ ಹೋಗಿ ನೆತ್ತಿ ಮ್ಯಾಲಿನ ಗಾಳಿಮಾಪಕ ಬದಲಿ ಮಾಡಬೇಕು.”

ನೂರು ಮೀಟರ್ ಎತ್ತರ. ದಾವಲಸಾಬ ಜಾರಿದಂಥದೇ ನೆತ್ತಿ. ಫಕೀರವ್ವನ ಕೈಯೊಳಗಿನ ರೊಟ್ಟಿ ಕೈಯೊಳಗೇ ಉಳಿಯಿತು.

“ಬ್ಯಾಡ” ಅಂದಳು.

“ಏನ ಬ್ಯಾಡ? ಹತ್ತ ವರ್ಷಾತು ಈ ಕೆಲಸ ಮಾಡಾಕತ್ತು.”

“ಹತ್ತ ವರ್ಷ ಲಿಫ್ಟಿನ್ಯಾಗ ಹೋಗಿ ಬುಟ್ಟಿಯೊಳಗ ಕುಂತ ಮಾಡೀದಿ. ಏಳು, ಅಂಗಳಕ್ಕ ಬಾ.”

ಮುದುಕಿ ಸುಣ್ಣದ ತುಂಡು ತಗೊಂಡು ಅಂಗಳದಲ್ಲಿ ಹತ್ತು ಮನೆ ಎಳೆದಳು. ಹಂಚಿನ ಚೂರೊಂದನ್ನು ಬಿಲ್ಲೆ ಮಾಡಿ ಎಸೆದಳು. ಕುಂಟಾಬಿಲ್ಲೆ ರೀ, ಒಂದು ಕಾಲೆತ್ತಿ ಕುಂಟುತ್ತ ಮನೆ ದಾಟುವ ಆಟ. ನಮ್ಮ ನಿಮ್ಮ ಅಕ್ಕತಂಗಿಯರೆಲ್ಲ ಆಡಿ ಅಂಗಳ ಸವೆಸಿದ ಆಟ. ಆ ಓಣಿಯಲ್ಲಿ ಅದನ್ನು ಯಾರಾದರೂ ಆಡಿ ಎಷ್ಟು ವರ್ಷವಾಯಿತು ಅಂತ ಫಕೀರವ್ವನಿಗೂ ಆಗಲೇ ಹೊಳೆದದ್ದು.

ಕಸ್ತೂರಿ ಮೂವತ್ನಾಲ್ಕು ವರ್ಷದ ಹೆಂಗಸು. ನಗುತ್ತ ಸೆರಗು ಸಿಕ್ಕಿಸಿ ಒಂದು ಕಾಲೆತ್ತಿದಳು. ಚಿಕ್ಕವಳಿದ್ದಾಗ ಇದರಲ್ಲಿ ಅವಳನ್ನು ಸೋಲಿಸುವವರಿರಲಿಲ್ಲ. ಒಂದು ಮನೆ. ಎರಡು. ಮೂರರಲ್ಲಿ ಮೈ ವಾಲಿ ಎತ್ತಿದ ಕಾಲು ನೆಲಕ್ಕೆ ಬಂತು. ಮತ್ತೆ ಶುರು ಮಾಡಿದಳು. ಮತ್ತೆ ಮೂರು.

“ಅಂಗಳಾ ಸಪಾಟ ಇಲ್ಲ” ಅಂದಳು.

“ಕುಣಿಯಲಾರದಾಕಿ ನೆಲ ಡೊಂಕು ಅಂದಳಂತ. ಕಣ್ಣ ಮುಚ್ಚು. ಕುಂಟೂದು ಬ್ಯಾಡ, ಸುಮ್ನ ಒಂಟಿಕಾಲ ಮ್ಯಾಲ ನಿಂದರು.”

ಕಸ್ತೂರಿ ಕಣ್ಣು ಮುಚ್ಚಿದಳು. ಎರಡು ಎಣಿಸುವುದರೊಳಗೆ ಅವಳು ತಾಯಿಯ ಮೈಮೇಲೆ ಬಿದ್ದಳು. ಬಿದ್ದ ಮೇಲೆ ಸಿಟ್ಟು ಬಂತು. ಉಂಡ ಹೊಟ್ಟೆ ಅಂದಳು, ಬಿಸಿಲು ಅಂದಳು. “ನಿನಗ ಗಾಲಿ ಮ್ಯಾಲಿನ ಸಿಟ್ಟು, ನನ್ನ ಮ್ಯಾಲ ತೀರಸ್ತೀ” ಅಂದಳು. “ಮ್ಯಾಲ ಎರಡ ಹಗ್ಗ ಇರ್ತಾವ. ನಾ ಹತ್ತಾಕಿನ. ಆ ಡಾಕ್ಟರು ಬಂದು ಗಾಲಿ ತಪ್ಪು ಅಂತ ಹೇಳಿದ್ರ ಬಿಡತೀನಿ” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮುದುಕಿ ಆ ಮಾತನ್ನೇ ಹಿಡಿದು ಮುಳಗುಂದ ನಾಕಾಕ್ಕೆ ಹೊರಟಳು.

ಪ್ರಯೋಗಶಾಲೆಯ ಬಾಗಿಲಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಒಂದು ಜತೆ ಚಪ್ಪಲಿ. ಗದಗಿನಲ್ಲಿ ಆಗ ಚಪ್ಪಲಿ ಸವೆಯುತ್ತಲೇ ಇರಲಿಲ್ಲ. ಐದು ವರ್ಷದ ಚಪ್ಪಲಿಯೂ ಅಂಗಡಿಯಿಂದ ಈಗ ತಂದಂತೆ ಇರುತ್ತಿತ್ತು. ಹೊಲಿಯುವವರು ಅಂಗಡಿ ಮುಚ್ಚಿ ಬೇರೆ ಕಸುಬು ಹಿಡಿದಿದ್ದರು. ಈ ಜತೆಯ ಹಿಮ್ಮಡಿ ಮಾತ್ರ ಹಪ್ಪಳದಷ್ಟು ತೆಳ್ಳಗಾಗಿತ್ತು. ಫಕೀರವ್ವ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದಳು.

“ಇವು ಯಾರವ ರೀ?”

ವಾದಿರಾಜರು ಕನ್ನಡಕ ಸರಿಪಡಿಸಿಕೊಂಡರು. “ನನ್ನವು. ಯಾಕ ಫಕೀರಮ್ಮ, ಚಪ್ಪಲಿ ಹಿಡಕೊಂಡು ಬಂದೀರಲ್ಲ, ಹೊಡೆಯವ್ರೇನು?”

“ಅದನ್ನ ಆಮ್ಯಾಲ ನೋಡೂಣು. ನೀವು ಗಾಲಿ ಹತ್ತೂದಿಲ್ಲೇನು?”

“ಹತ್ತತೇನಲ್ಲ. ಕಾರ್ಯಕ್ರಮ ಇದ್ದಾಗ. ಫೋಟೋ ತಗೀವಾಗ.”

“ಉಳಿದ ದಿನ?”

“ನಡೀತೇನಿ. ಶುಗರ್ ಅದ. ವಾಕಿಂಗ್ ಮಾಡಂತ ಹೇಳ್ಯಾರ.”

“ಎಂದ ಹೇಳ್ಯಾರ?”

“ಹತ್ತು ವರ್ಷ ಆಗಿರಬೇಕು.”

“ಗಾಲಿ ಬಂದು ಹನ್ನೊಂದು” ಅಂದಳು ಮುದುಕಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾರಲ್ಲ, ಹಾಗೆ ಡಾಕ್ಟರು ಮೊಳಕಾಲು ಸವರಿಕೊಂಡರು. ಮುದುಕಿ ಮೇಜಿನ ಮೇಲಿದ್ದ ಸೀಮೆಸುಣ್ಣ ತಗೊಂಡು ನುಣುಪಾದ ನೆಲದ ಮೇಲೆ ಹತ್ತು ಮನೆ ಎಳೆದಳು. ಉಳಿದ ಸುಣ್ಣದ ತುಂಡನ್ನೇ ಬಿಲ್ಲೆ ಮಾಡಿ ಎಸೆದು “ಕುಂಟರಿ” ಅಂದಳು. ಅವರು ನಕ್ಕರು, ಕೆಲಸವಿದೆ ಅಂದರು, ವಯಸ್ಸಾಯಿತು ಅಂದರು. ಅವಳು ಬಾಗಿಲಿಗೆ ಅಡ್ಡ ನಿಂತಳು. ನಲವತ್ತೆಂಟು ವರ್ಷದ, ಹೊಟ್ಟೆ ಬಂದ, ಶುಗರ್ ಇದ್ದ ಡಾಕ್ಟರ್ ವಾದಿರಾಜ ಹೊಂಬಳ ಧೋತ್ರ ಎತ್ತಿಕಟ್ಟಿ ಹತ್ತೂ ಮನೆ ಕುಂಟಿ, ಬಿಲ್ಲೆ ಎತ್ತಿಕೊಂಡು, ತಿರುಗಿ ಹತ್ತೂ ಮನೆ ಬಂದರು.

ಫಕೀರವ್ವ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. “ನನ್ನ ಮಗಳು ಮೂರ ಮನಿ ದಾಟಲಿಲ್ಲ. ಗುಡ್ಡಾ ಹತ್ತೋ ಹುಡುಗಿ ರೀ ಅದು. ನಾಳೆ ದಾವಲಸಾಬನ ಹಂಗ ನೆತ್ತಿ ಮ್ಯಾಲ ಹೊಂಟೈತಿ. ಏನ ಮಾಡೀರಿ ನೀವು ನನ್ನ ಕೂಸಿಗೆ?”

ಆಗ ಅವರು ಹೇಳಿದರು. ಮನುಷ್ಯನ ಕಿವಿಯ ಒಳಗೆ ಮೂರು ಪುಟ್ಟ ಬಳೆಯಂಥ ಕೊಳವೆಗಳಿವೆ, ಅವುಗಳಲ್ಲಿ ದ್ರವವಿದೆ. ತಲೆ ತಿರುಗಿದರೆ ವಾಲಿದರೆ ದ್ರವ ಅಲುಗಿ ಮಿದುಳಿಗೆ ಸುದ್ದಿ ಹೋಗುತ್ತದೆ. ಮಿದುಳು ಕಾಲಿಗೆ ಅಪ್ಪಣೆ ಕೊಡುತ್ತದೆ. ಇದೆಲ್ಲ ಅಭ್ಯಾಸದಿಂದ ಉಳಿಯುವ ವಿದ್ಯೆ. ಬಾಹ್ಯಾಕಾಶಕ್ಕೆ ಹೋದವರು ತಿರುಗಿ ಬಂದಾಗ ನೆಟ್ಟಗೆ ನಡೆಯಲಾರದೆ ತಡವರಿಸುತ್ತಾರೆ, ಯಾಕೆಂದರೆ ಅಲ್ಲಿ ಈ ಸುದ್ದಿಗೆ ಕೆಲಸವಿರಲಿಲ್ಲ. ಡಾಕ್ಟರ ಗಾಲಿಯೂ ಸುದ್ದಿ ಹುಟ್ಟುವ ಮೊದಲೇ ಮೈಯನ್ನು ಸರಿಮಾಡುತ್ತಿತ್ತು. ಕಿವಿಗೆ ಕೆಲಸವಿಲ್ಲ, ಕಾಲಿಗೆ ಅಪ್ಪಣೆಯಿಲ್ಲ. ಕಣ್ಣು ತೆರೆದಿದ್ದರೆ ಹೇಗೋ ನಡೆಯುತ್ತದೆ. ಮುಚ್ಚಿದರೆ ಮುಗಿಯಿತು.

“ನಿಮಗ ಮೊದಲ ಗೊತ್ತಿತ್ತು.”

“ಇಲ್ಲ. ದೇವರಾಣಿ ಇಲ್ಲ. ಗಾಲಿ ಬಂದ ಮೊದಲನೇ ವರ್ಷ ನಾನೂ ದಿನಾ ಹತ್ತತಿದ್ದೆ. ಒಂದಿನ ಜಳಕಾ ಮಾಡೂವಾಗ ಮುಖಕ್ಕ ಸಾಬಾಣ ಹಚ್ಚಿ ಕಣ್ಣು ಮುಚ್ಚಿದೆ, ಬಚ್ಚಲದಾಗ ಬಿದ್ದೆ. ಮರುದಿನದಿಂದ ನಡೀಲಿಕ್ಕೆ ಶುರು ಮಾಡಿದೆ.”

“ಯಾಕ ಬಿದ್ರಿ ಅಂತ ಅಳದು ನೋಡಲಿಲ್ಲ?”

“ಅಳದಿದ್ರ ಗೊತ್ತಾಗತಿತ್ತು. ಗೊತ್ತಾದ್ರ ಹೇಳಬೇಕಾಗತಿತ್ತು” ಎಂದರು ವಾದಿರಾಜರು. ಆಮೇಲೆ ತಗ್ಗಿದ ದನಿಯಲ್ಲಿ, “ನಿಮಗ ನೆನಪದ ಏನು? ಆ ಮೂರು ತಿಂಗಳು ನಾನು ದಿನಾ ಕೇಳತಿದ್ದೆ. ಫಕೀರಮ್ಮ, ಬೀಳೂದನ್ನೂ ಸ್ವಲ್ಪ ತೋರಿಸ್ರಿ, ಅದೂ ದಾಖಲಾಗಲಿ ಅಂತ. ನೀವು ಒಲ್ಲೆ ಅಂದ್ರಿ.”

ಅವಳಿಗೆ ನೆನಪಿತ್ತು. ಮರೆಯುವ ಮಾತೇ ಅದು? ಸರ್ಕಸ್ಸಿನಲ್ಲಿ ಹೊಸಬರಿಗೆ ಮೊದಲ ನಲವತ್ತು ದಿನ ಬೀಳುವುದೊಂದೇ ಪಾಠ. ಹೊಟ್ಟಿನ ರಾಶಿಯ ಮೇಲೆ ಉಸ್ತಾದ ಹಿಂದಿನಿಂದ ನೂಕುತ್ತಿದ್ದ, ಮಗ್ಗುಲಿನಿಂದ ನೂಕುತ್ತಿದ್ದ. ನಲವತ್ತು ದಿನ ಬಿದ್ದವರಿಗೆ ಮಾತ್ರ ಗಾಲಿ. ಒಂದು ಗಾಲಿಯ ಸವಾರಿ ಅಂದರೆ ಬೇರೇನಲ್ಲ, ಕ್ಷಣಕ್ಷಣಕ್ಕೂ ಬೀಳುತ್ತ ಕ್ಷಣಕ್ಷಣಕ್ಕೂ ಎತ್ತಿಕೊಳ್ಳುವುದು ಅಂತ ಅವನು ಹೇಳುತ್ತಿದ್ದ. ಆದರೆ ಅದೆಲ್ಲ ಡೇರೆಯ ಒಳಗೆ. ಹೊರಗಿನವರ ಕಣ್ಣೆದುರಿಗೆ ಬಿದ್ದರೆ ಉಸ್ತಾದನ ಮಾನ ಹೋಯಿತು, ಅದು ಕಟ್ಟುನಿಟ್ಟು. ತಂತಿ ಅಂಟಿಸಿಕೊಂಡ ಫಕೀರವ್ವ ಆ ಬಿಗುಮಾನದಲ್ಲಿ ಮೂರು ತಿಂಗಳಲ್ಲಿ ಒಮ್ಮೆಯೂ ಬೀಳಲಿಲ್ಲ. ಡಾಕ್ಟರಿಗೂ ಅವಸರವಿತ್ತು, ಬಿಟ್ಟುಬಿಟ್ಟರು. ಗಾಲಿ ನಲವತ್ತು ದಿನದ ಪಾಠವಿಲ್ಲದೆಯೇ ಬೀದಿಗೆ ಬಂತು. ಸವಾರನನ್ನು ತುಸು ಬಿಟ್ಟು ಹಿಡಿಯುವುದು ಅದಕ್ಕೆ ಬರಲಿಲ್ಲ; ಬಿಡದಂತೆ ಹಿಡಿಯುವುದೊಂದೇ ಬಂತು.

ಇಷ್ಟು ದಿನ ಊರನ್ನೆಲ್ಲ ಅನುಮಾನಿಸಿದ ಮುದುಕಿಗೆ ತನ್ನ ಮೇಲೆ ಅನುಮಾನ ಬಂದಿರಲಿಲ್ಲ. ಅವಳು ಅತ್ತಳು. ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. “ಮುಂಜಾನೆ ಗುಡ್ಡಕ್ಕ ಬರ್ರಿ. ನನ್ನ ಮಗಳ ಮುಂದ ಇದನ್ನ ಹೇಳ್ರಿ. ನಾ ಹೇಳಿದ್ರ ಕೇಳಂಗಿಲ್ಲ ಅದು.”

ಸೋಮವಾರ ಮುಂಜಾನೆ ಹದಿನೇಳನೇ ಕಂಬದ ಬುಡದಲ್ಲಿ ಗಾಳಿ ಭರ್ರೆಂದು ಬೀಸುತ್ತಿತ್ತು. ಕಸ್ತೂರಿ ಸೊಂಟಪಟ್ಟಿ ಬಿಗಿದು, ಕೊಕ್ಕೆ ಎರಡನ್ನೂ ಪರೀಕ್ಷಿಸಿ, ಏಣಿಗೆ ಕೈಹಚ್ಚಿ ನಿಂತಿದ್ದಳು. ಮೇಸ್ತ್ರಿ ಮತ್ತು ನಾಲ್ಕು ಜನ ಕೆಲಸಗಾರರು ಸುತ್ತ ಇದ್ದರು. ಫಕೀರವ್ವನೂ ಡಾಕ್ಟರೂ ಬಸ್ಸಿಳಿದು ಏದುಸಿರು ಬಿಡುತ್ತ ಗುಡ್ಡ ಏರಿ ಬಂದರು.

“ಅವ್ವಾ, ಮಂದಿ ನೋಡಾಕತ್ತಾರ” ಎಂದಳು ಕಸ್ತೂರಿ ಹಲ್ಲು ಕಚ್ಚಿ.

“ನೋಡಲಿ. ಡಾಕ್ಟರ, ಹೇಳ್ರಿ.”

ಅಷ್ಟು ಜನರ ಎದುರಿಗೆ ಡಾಕ್ಟರ ನಾಲಿಗೆ ಹೊರಳಲಿಲ್ಲ. “ಹಂಗ ಖಚಿತ ಹೇಳಲಿಕ್ಕೆ ಬರೂದಿಲ್ಲ. ಇನ್ನೂ ಪರೀಕ್ಷೆ ಆಗಬೇಕು. ಅಂಕಿ ಅಂಶ ಬೇಕು. ಸಾಧ್ಯತೆ ಅಂತ ಅನ್ನಬಹುದು, ಆದರ...” ಎಂದು ಶುರುಹಚ್ಚಿಕೊಂಡರು. ಥೂ! ನಿನ್ನೆ ಅಷ್ಟು ಬಾಯಿಬಿಟ್ಟ ಮನುಷ್ಯ ಇವರೇನಾ ಅನ್ನಿಸಿತು ಫಕೀರವ್ವನಿಗೆ. ಮೇಸ್ತ್ರಿ ಗಡಿಯಾರ ನೋಡಿಕೊಂಡ.

ಕಸ್ತೂರಿ ಅವರ ಮುಖವನ್ನೇ ನೋಡುತ್ತಿದ್ದಳು. ಅವಳೂ ಫಕೀರವ್ವನ ಮಗಳಲ್ಲವೇ, ಅನುಮಾನ ರಕ್ತದಲ್ಲೇ ಬಂದದ್ದು. ನಿನ್ನೆ ಮೂರನೇ ಮನೆಯಲ್ಲಿ ಕಾಲು ಊರಿದ್ದನ್ನು ಅವಳೇನೂ ಮರೆತಿರಲಿಲ್ಲ.

“ಸಾಹೇಬರ” ಅಂದಳು. “ಪರೀಕ್ಷೆ ಇರಲಿ. ಅಗೋ, ನನ್ನ ಗಾಲಿ ಅಲ್ಲಿ ನಿಂತೈತಿ. ಊರು ಇಲ್ಲಿಂದ ಹದಿನೆಂಟ ಕಿಲೋಮೀಟರ. ಮುಂದಿನ ಬಸ್ಸು ಸಂಜಿಗೆ. ಅದರ ಮ್ಯಾಲ ಕುಂತು ಹೋಗ್ರಿ, ನಾ ಸಂಜೀಕ ಬಂದು ಇಸಗೊಂತೀನಿ.”

ವಾದಿರಾಜರು ಗಾಲಿಯ ಕಡೆ ನೋಡಿದರು. ಅವರೇ ಮಾಡಿದ ಗಾಲಿ, ಗಾಳಿಗೆ ಒಂದಿಷ್ಟೂ ಅಲುಗದೆ ನಿಂತಿತ್ತು. ಎರಡು ಹೆಜ್ಜೆ ಅದರ ಕಡೆ ಇಟ್ಟರು. ಸೀಟಿನ ಮೇಲೆ ಕೈ ಇಟ್ಟರು. ಆಮೇಲೆ ಕೈ ತೆಗೆದು, ಯಾರ ಮುಖವನ್ನೂ ನೋಡದೆ, ಸವೆದ ಚಪ್ಪಲಿ ಎಳೆಯುತ್ತ ಗುಡ್ಡ ಇಳಿದು ಹದಿನೆಂಟು ಕಿಲೋಮೀಟರ್ ದಾರಿಯನ್ನು ನಡೆಯತೊಡಗಿದರು.

ಏಳೂ ಜನ ಅವರ ಬೆನ್ನನ್ನು ನೋಡುತ್ತ ನಿಂತರು. ಕಸ್ತೂರಿ ಸೊಂಟಪಟ್ಟಿಯ ಕೊಕ್ಕೆ ಬಿಚ್ಚಿದಳು. ಮೇಸ್ತ್ರಿ ಬೈಯಲು ಬಾಯಿ ತೆರೆದವನು, ತಾನೂ ಸುಮ್ಮನೆ ಒಂದು ಕಾಲೆತ್ತಿ ಕಣ್ಣು ಮುಚ್ಚಿ ನೋಡಿದ. ತಕ್ಷಣ ಕಂಬ ಹಿಡಿದುಕೊಂಡ.

ಕಾಲುಬೊಬ್ಬೆ ಒಣಗಿದ ಮೇಲೆ ಡಾಕ್ಟರು ಕಡೆಗೂ ಅಳೆದರು. ಅಳೆದ ಮೇಲೆ ಹೇಳಲೇಬೇಕಾಯಿತು. ಪತ್ರಿಕೆಗಳಲ್ಲಿ ಬಂತು, ಗದ್ದಲವಾಯಿತು, ಸಮಿತಿ ಕೂತಿತು. ದಾವಲಸಾಬನ ಮೇಲಿನ ಕುಡುಕನೆಂಬ ಮಾತು ಅಳಿಸಿಹೋಯಿತು. ಕಾಲು ಮಾತ್ರ ಬರಲಿಲ್ಲ. ಜನ ಗಾಲಿ ಬಿಟ್ಟರೇ? ಎಲ್ಲಿಯ ಮಾತು! ಅಷ್ಟು ಸುಖ ಕೊಟ್ಟದ್ದನ್ನು ಯಾರು ಬಿಡುತ್ತಾರೆ?

ನೀವೇನೂ ನಗಬೇಡಿ. ನಿಮ್ಮ ಕಾಲದಲ್ಲಿ ಈ ಗಾಲಿ ಬಂದಿಲ್ಲ, ಒಪ್ಪಿದೆ. ಆದರೆ ನಿಮ್ಮ ಜೇಬಿನಲ್ಲಿ ಇರುವುದು ನಿಮ್ಮ ದಾರಿಯನ್ನು ತಾನೇ ನೋಡಿಕೊಳ್ಳುತ್ತದೆ, ನಿಮ್ಮ ಲೆಕ್ಕವನ್ನು ತಾನೇ ಕೂಡಿಸುತ್ತದೆ. ನಿಮ್ಮವ್ವನ ಫೋನ್ ನಂಬರು ಬಾಯಿಪಾಠ ಹೇಳಿ ನೋಡೋಣ. ಅದನ್ನು ಮಾಡಿ ನಿಮಗೆ ಕೊಟ್ಟವರ ಮನೆಯ ಬಾಗಿಲಿಗೆ ಎಂದಾದರೂ ಹೋಗಿ ಅವರ ಚಪ್ಪಲಿ ನೋಡಿದ್ದೀರಾ?

ಕಸ್ತೂರಿ ಗುಡ್ಡದಿಂದ ಬಂದ ದಿನವೇ ಗಾಲಿಯನ್ನು ಅಂಗಳದ ಮೂಲೆಯಲ್ಲಿ ನಿಲ್ಲಿಸಿ ಮತ್ತೆ ಮುಟ್ಟಲಿಲ್ಲ. ಫಕೀರವ್ವ ಎಣ್ಣೆಗಾಣದಿಂದ ಎರಡು ಬಂಡಿ ಶೇಂಗಾ ಹೊಟ್ಟು ತರಿಸಿ ಅಂಗಳದಲ್ಲಿ ಸುರುವಿದಳು. ಅಟ್ಟದಿಂದ ತನ್ನ ಹಳೆಯ ಸೈಕಲ್ ಇಳಿಸಿ ತುಕ್ಕು ತಿಕ್ಕಿಟ್ಟಳು. ಅದರ ಸವಾರಿ ನಲವತ್ತು ದಿನ ಆದ ಮೇಲೆ. ಮೊದಲು ಬೀಳುವುದು. ಓಣಿಯವರೆಲ್ಲ ಕಟ್ಟೆಯ ಮೇಲೆ ಕೂತು ನೋಡಲಿ ಅಂತ ಗೇಟನ್ನು ಹಾರು ಹೊಡೆದಿಟ್ಟಳು. ಹೊರಗಿನವರ ಎದುರಿಗೆ ಬೀಳಬಾರದೆಂಬ ಉಸ್ತಾದನ ಕಟ್ಟನ್ನು ಅವಳು ಅವತ್ತು ಮುರಿದಳು. ತಾನೇ ಮೊದಲು ಹೊಟ್ಟಿನಲ್ಲಿ ಬಿದ್ದು ತೋರಿಸಿದಳು.

ಏಳನೆಯ ದಿನ ಬೆಳಿಗ್ಗೆ ಮೂಲೆಯಲ್ಲಿದ್ದ ಗಾಲಿಯ ಬ್ಯಾಟರಿ ತೀರಿತು. ಒಳಗಿನ ಬುಗುರಿ ನಿಧಾನವಾಗಿ ನಿಂತಿತು. ಗಾಲಿ ಒಮ್ಮೆ ನಡುಗಿ ಧಡಲ್ ಅಂತ ಮಗ್ಗುಲಾಯಿತು. ಗಾಲಿ ಬಿದ್ದದ್ದನ್ನು ಆ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಅದೇ ಹೊತ್ತಿಗೆ ಕಸ್ತೂರಿಯೂ ಹೊಟ್ಟಿನಲ್ಲಿ ಅಂಗಾತ ಬಿದ್ದಿದ್ದಳು, ಅವತ್ತಿನ ಹನ್ನೆರಡನೆಯ ಸಲ.

ಫಕೀರವ್ವ ಗಾಲಿಯನ್ನೊಮ್ಮೆ, ಮಗಳನ್ನೊಮ್ಮೆ ನೋಡಿದಳು.

“ನೋಡೂಣು, ಇಬ್ಬರೊಳಗ ಯಾರು ಮೊದಲ ಏಳತೀರಿ” ಅಂದಳು.

ಕಸ್ತೂರಿ ಕೂದಲೊಳಗಿನ ಹೊಟ್ಟು ಕೊಡವಿಕೊಂಡು ಎದ್ದು ನಿಂತಳು.